ಕಾಂಪೌಂಡ್ ಇಲ್ಲದ ಮನೆಗೆ ನಾಯಿ ಕೊಟ್ಟದ್ದು

ನಾಯಿ ಛತ್ರದ ಕೆಲಸಕ್ಕೆ ಸೇರುವವರಿಗೆ ಪ್ರಾಣಿಗಳ ಮೇಲೆ ಪ್ರೀತಿ ಇದೆಯೇ ಎಂದು ಈಗ ಮೊದಲು ಕೇಳುತ್ತಾರಂತೆ. ನಾನು ಸೇರಿದಾಗ ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೆ ಕೆಲಸ ಸಿಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಂದು ನಾಯಿ ನನ್ನ ಲಂಗ ಕಚ್ಚಿಕೊಂಡು ರಾಯದುರ್ಗದ ಅರ್ಧ ಬೀದಿ ಎಳೆದಿತ್ತು. ಅಂದಿನಿಂದ ನಾಯಿ ಕಂಡರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ.

ನಾನು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದವಳು. ಯೂನಿಟ್ಟಿನ ಮಾಲೀಕರು ಚೆನ್ನಬಸಪ್ಪ ಸಾವ್ಕಾರ್ರು. ಒಂದು ದಿನ ಅವರ ಜೀಪಿಗೆ ಒಂದು ಹೆಣ್ಣು ನಾಯಿ ಸಿಕ್ಕಿತು. ಸಾಯಲಿಲ್ಲ. ಮನೆಗೆ ತರೋಣವೆಂದರೆ ಅವರ ತಾಯಿ ನಾಯಿಯನ್ನು ಹೊಸ್ತಿಲು ದಾಟಲು ಬಿಡುವವರಲ್ಲ. ಹಾಗಾಗಿ ಊರ ಹೊರಗಿನ ತಮ್ಮ ಹೊಲದಲ್ಲಿ ತಗಡಿನ ಶೆಡ್ಡು ಹಾಕಿಸಿ ಅಲ್ಲಿಟ್ಟರು. ದಿನಾ ಹೋಗಿ ಅದಕ್ಕೆ ಹಾಲು ಹಾಕುವುದು, ಮನೆಗೆ ಬಂದು ಸ್ನಾನ ಮಾಡಿ ಒಳಗೆ ಹೋಗುವುದು. ಈ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಬೇಡವಾದ ನಾಯಿಗಳನ್ನೆಲ್ಲ ಜನ ಆ ಗೇಟಿಗೆ ತಂದು ಕಟ್ಟಿ ಹೋಗತೊಡಗಿದರು. ಸಾವ್ಕಾರ್ರು ಶೆಡ್ಡು ಬೆಳೆಸುತ್ತಾ ಹೋದರು. ಜನ ಅದಕ್ಕೆ ನಾಯಿ ಛತ್ರ ಎಂದು ಹೆಸರಿಟ್ಟರು. ಬೋರ್ಡಿನಲ್ಲಿ ಬೇರೆ ಹೆಸರಿತ್ತು. ಅದನ್ನು ಯಾರೂ ಓದಲಿಲ್ಲ.

ಯೂನಿಟ್ಟಿನಲ್ಲಿ ಕೆಲಸ ಕಡಿಮೆಯಾದಾಗ ಸಾವ್ಕಾರ್ರು ನನ್ನನ್ನು ಕರೆದು, "ಪಾರ್ವತಮ್ಮ, ನಾಳಿಂದ ಹೊಲದ ಕಡೆ ಹೋಗವ್ವಾ. ಅಲ್ಲೂ ಹೊಲಿಯೋ ಕೆಲಸಾನ ಐತಿ" ಎಂದರು. ಚಿಂದಿ ಜೀನ್ಸ್ ಬಟ್ಟೆಯಲ್ಲಿ ನಾಯಿಗಳಿಗೆ ಹಾಸಿಗೆ ಹೊಲಿಯಬೇಕಿತ್ತು. ಹೋದ ಮೇಲೆ, ಹೊಲಿಯುವುದಕ್ಕಿಂತ ತೊಳೆಯುವುದೇ ಹೆಚ್ಚು ಎಂದು ತಿಳಿಯಿತು. ಭಯ ಹೋಯಿತೇ ಎಂದು ಕೇಳಬೇಡಿ. ತೊಳೆಯುವಾಗ ಭಯಪಡಲು ಪುರುಸೊತ್ತಿರುವುದಿಲ್ಲ.

ಮೊದಮೊದಲು ನಾಯಿ ಕೊಡುವುದಕ್ಕೆ ಯಾವ ಪದ್ಧತಿಯೂ ಇರಲಿಲ್ಲ. ಯಾರು ಹಗ್ಗ ತಂದರೋ ಅವರಿಗೆ ಒಂದು ನಾಯಿ. ಆಮೇಲೆ ಸಾವ್ಕಾರ್ರು ಗೇಟಿಗೆ 'ಇಲ್ಲಿ ನಾಯಿಗಳನ್ನು ದತ್ತು ಕೊಡಲಾಗುವುದು' ಎಂದು ಕನ್ನಡ, ತೆಲುಗು ಎರಡರಲ್ಲೂ ಬರೆಸಿದರು. ಬರೆಸಿದ ಮೇಲೆ ಬರುವವರೇ ಕಡಿಮೆಯಾದರು. ಕಣೇಕಲ್ಲಿನಿಂದ ಬಂದ ಒಬ್ಬ ಮುದುಕಿ ಒಂದು ಬಿಳಿ ಮರಿಯನ್ನು ಎತ್ತಿಕೊಂಡು, ಸೆರಗಿನಲ್ಲಿ ಸುತ್ತಿಕೊಂಡು, ಗೇಟಿನ ತನಕ ಹೋಗಿ ವಾಪಸು ಬಂದಳು.

"ಯವ್ವಾ, ದತ್ತು ಅಂದ್ರ ಮುಂದ ಹೊಲದಾಗ ಪಾಲು ಕೊಡಬೇಕಾತೈತೇನ್ರಿ?"

"ಇಲ್ಲವ್ವಾ, ಅನ್ನ ಹಾಕಿದ್ರ ಸಾಕು."

"ನನ್ನ ಮಗ ಕೇಳ್ತಾನ್ರಿ. ಅವನಿಗೆ ಒಂದು ಮಾತು ನೀವ ಹೇಳಿಬಿಡ್ರಿ."

ಹೇಳಿದೆ. ಮಗ ಮರಿಯನ್ನು ಮೇಲಿನಿಂದ ಕೆಳಗೆ ನೋಡಿ ಒಪ್ಪಿದ. ಮರುವಾರ ಸಾವ್ಕಾರ್ರು 'ದತ್ತು' ಅಳಿಸಿ 'ಉಚಿತ' ಎಂದು ಬರೆಸಿದರು. ಆಗ ಬಂದ ಜನ ಉಚಿತವಾಗಿ ಕೊಡುವ ನಾಯಿಯಲ್ಲಿ ಏನೋ ದೋಷ ಇರಬೇಕೆಂದು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು.

ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು. ಜಾತಿ ನಾಯಿ ಇದೆಯೇ? ಹೆಣ್ಣು ಬೇಡ. ಬೊಗಳಬೇಕು, ಆದರೆ ನಮ್ಮನ್ನು ನೋಡಿ ಬೊಗಳಬಾರದು. ಇಂಥವರೊಡನೆ ವಾದ ಮಾಡಬೇಡಿ. ಕುಳ್ಳಿರಿಸಿ ಚಹಾ ಕೊಡಿ. ಅಷ್ಟರಲ್ಲಿ ಯಾವುದಾದರೂ ಒಂದು ನಾಯಿ ಬಂದು ಅವರ ಕಾಲ ಮೇಲೆ ಮಲಗುತ್ತದೆ. ಕಾಲೆಳೆದುಕೊಳ್ಳುವವರಿಗೆ ಕೊಡಬೇಡಿ. ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂತವರಿಗೆ ಕೊಡಿ.

ಪದ್ಧತಿ ಎಂಬುದು ಬಂದದ್ದು ಡಾಕ್ಟರ್ ವಸುಂಧರಾ ಅವರಿಂದ. ಅನಂತಪುರದವರು, ತೆಲುಗು ಮನೆಮಾತು, ಕನ್ನಡವನ್ನು ನಮ್ಮ ನಡುವೆಯೇ ಕಲಿತವರು. ನನ್ನ ಮಗಳ ವಯಸ್ಸಿನ ಮೇಲಧಿಕಾರಿ. ಸಿಟ್ಟು ಬೇಗ ಬರುತ್ತಿತ್ತು. ನಾಯಿಗಳ ಮೇಲೆ ಅಲ್ಲ. ಮನೆ ನೋಡದೆ ನಾಯಿ ಕೊಡಬಾರದು ಎಂಬ ನಿಯಮ ಅವರದು. ಮನೆ ಸ್ವಂತದ್ದೋ ಬಾಡಿಗೆಯದೋ, ಕಾಂಪೌಂಡ್ ಇದೆಯೋ, ಮನೆಯವರೆಲ್ಲ ಒಪ್ಪಿದ್ದಾರೋ ಎಂದು ಕೇಳುವ ಒಂದು ಹಾಳೆ ಅಚ್ಚು ಹಾಕಿಸಿದರು.

ಸಾವ್ಕಾರ್ರು ಅದನ್ನು ಓದಿ, "ನನ್ನ ಮಗಳನ್ನ ಕೊಡುವಾಗ ಸುದ್ದ ನಾನು ಇಷ್ಟು ಕೇಳಿದ್ದಿಲ್ಲಮ್ಮಾ" ಎಂದರು.

"ಕೇಳಬೇಕಿತ್ತು ಸಾರ್" ಎಂದರು ಡಾಕ್ಟರು.

ಅಳಿಯನ ವಿಷಯ ಊರಿಗೆಲ್ಲ ಗೊತ್ತಿದ್ದುದರಿಂದ ಸಾವ್ಕಾರ್ರು ಹಾಳೆಯನ್ನು ವಾಪಸು ಕೊಟ್ಟರು.

ಕರಾವಳಿ ಆಂಧ್ರದಿಂದ ವರ್ಗವಾಗಿ ಬಂದ ಒಬ್ಬ ಅಧಿಕಾರಿಯ ಹೆಂಡತಿ ನಮ್ಮಲ್ಲಿಂದ ಒಂದು ನಾಯಿ ಒಯ್ದರು. ಕಾಂಪೌಂಡ್ ಇತ್ತು, ಎಲ್ಲರೂ ಒಪ್ಪಿದ್ದರು. ವಾರ ಕಳೆದ ಮೇಲೆ ನಾಯಿ ಕಿವುಡು ಎಂದು ವಾಪಸು ತಂದರು. ಡಾಕ್ಟರು ಕಿವಿಗೆ ಬ್ಯಾಟರಿ ಬಿಟ್ಟು ನೋಡಿದರು, ಹಿಂದಿನಿಂದ ತಟ್ಟೆ ಬಡಿದರು. ನಾಯಿ ಬೆಚ್ಚಿತು. ಕಿವಿ ನೆಟ್ಟಗಿತ್ತು. ಕೊನೆಗೆ ಡಾಕ್ಟರಿಗೇ ಏನೋ ಹೊಳೆದು, "ಪಾರ್ವತಮ್ಮಗಾರೂ, ನೀವು ಒಮ್ಮೆ ಬೈಯಿರಿ" ಎಂದರು. ನಾನು "ಬಾ ಇಲ್ಲಿ, ಹಾಳಾದ್ದೆ" ಎಂದೆ. ಬಂತು. ಆ ತಾಯಿ ಅಲ್ಲೇ ಕೂತು ಬಾ, ಕೂಡ್ರು, ಬ್ಯಾಡ ಎಂಬ ಮೂರು ಕನ್ನಡ ಮಾತು ಕಲಿತು ನಾಯಿಯನ್ನು ಕರೆದುಕೊಂಡು ಹೋದರು. ತರಕಾರಿ ಮಾರುವವನ ಹತ್ತಿರವೂ ಅವೇ ಮೂರು ಸಾಕಾಗುತ್ತಿದ್ದವು ಎಂದು ಆಮೇಲೆ ಹೇಳಿದರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕೆಂಚನ ವಿಷಯ.

ಕಣೇಕಲ್ಲಿನ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕ ಒಂದು ಕೆಂದು ಬಣ್ಣದ ಗಂಡು ನಾಯಿಯನ್ನು ಒಬ್ಬ ಲಾರಿ ಡ್ರೈವರ್ ನಮ್ಮ ಗೇಟಿನಲ್ಲಿ ಇಳಿಸಿ ಹೋದ. ಎಡಗಡೆಯ ಹಿಂಗಾಲು ಜಜ್ಜಿಹೋಗಿತ್ತು. ಡಾಕ್ಟರು ಕಾಲು ತೆಗೆದರು. ಕೊರಳಲ್ಲಿ ಪಟ್ಟಿ ಇರಲಿಲ್ಲ, ಹುಡುಕಿಕೊಂಡು ಯಾರೂ ಬರಲಿಲ್ಲ. ಬೀದಿ ನಾಯಿ ಎಂದುಕೊಂಡೆವು. ಗಾಯ ಮಾಯ್ದ ಮೇಲೆ ಮಡಕಶಿರಾದ ಶಿಬಿರಕ್ಕೆ ಒಯ್ದೆವು.

ವರ್ಷಕ್ಕೊಮ್ಮೆ ಮಡಕಶಿರಾದಲ್ಲಿ ಸಾವ್ಕಾರ್ರ ಬೀಗರ ಅಂಗಡಿಯ ಮುಂದೆ ಶಾಮಿಯಾನ ಹಾಕಿ ನಾಯಿಗಳನ್ನು ಕೊಡುತ್ತಿದ್ದೆವು. ಅಷ್ಟು ದೂರ ಯಾಕೆಂದರೆ, ರಾಯದುರ್ಗದಲ್ಲಿ ಕೊಟ್ಟ ನಾಯಿಗಳು ಸಂಜೆಗೆ ನಡೆದು ಛತ್ರಕ್ಕೆ ಬಂದುಬಿಡುತ್ತಿದ್ದವು. ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದ ರುದ್ರಪ್ಪನವರು ಇಲಿ ಹಿಡಿಯಲಿ ಎಂದು ಈ ಮೂರು ಕಾಲಿನ ನಾಯಿಯನ್ನು ತೆಗೆದುಕೊಂಡರು. ಬೇರೆ ಯಾರೂ ಅದನ್ನು ಕೇಳಿರಲಿಲ್ಲವಾದ್ದರಿಂದ ನಾವು ಇಲಿಯ ಬಗ್ಗೆ ಏನೂ ಮಾತಾಡಲಿಲ್ಲ.

ಕೆಲವು ತಿಂಗಳ ನಂತರ ನಾಯಿ ಹೇಗಿದೆ ಎಂದು ನಾನು ನೋಡಲು ಹೋದಾಗ ಇಲಿಗಳು ಮೊದಲಿನಂತೆಯೇ ಇದ್ದವು. ಬದಲಾಗಿದ್ದು ರುದ್ರಪ್ಪನವರ ಹೆಂಡತಿ ಶಾರದಮ್ಮ. ಮಂಡಿ ಆಪರೇಷನ್ ಆದ ಮೇಲೆ ಆಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ನಡೆಯಿರಿ ಎಂದು ಆಸ್ಪತ್ರೆಯವರು ಹೇಳಿದರೂ ನಡೆಯುತ್ತಿರಲಿಲ್ಲ. ಈಗ ದಿನಾ ಸಂಜೆ ನಾಯಿಯೊಂದಿಗೆ ಕೆರೆ ಏರಿಯ ತನಕ ಹೋಗಿಬರುತ್ತಿದ್ದರು.

"ಗಂಡನ ಜೊತೆ ಹೋದ್ರೆ ಅವರು ಅಷ್ಟು ದೂರ ಮುಂದ್ಕೋಗಿ ನಿಂತ್ಕಂಡು 'ಬಾ ಬಾ' ಅಂತಾರೆ ಕಣಕ್ಕ. ಈ ಊರಾಗೆ ನನ್ ಸಮಕ್ಕೆ ನಡಿಯೋದು ಇದೊಂದೆ" ಎಂದರು. ನಾಯಿಗೆ ರಾಜ ಎಂದು ಹೆಸರಿಟ್ಟಿದ್ದರು. ಅಕ್ಕಿ ಮೂಟೆಗಳ ಹಿಂದಿನಿಂದ ಮುಖ ಹೊರಗಿಟ್ಟು ಮಲಗಿದ್ದ ರಾಜನ ಫೋಟೊ ತೆಗೆದುಕೊಂಡು ಬಂದೆ. ಆಗ ನಾವು ಹೊಸದಾಗಿ ಇಂಥ ಫೋಟೊಗಳನ್ನು ವಾಟ್ಸಾಪಿನಲ್ಲಿ ಹಾಕುವ ಪದ್ಧತಿ ಶುರು ಮಾಡಿದ್ದೆವು. ಅದೂ ಡಾಕ್ಟರದೇ ಪದ್ಧತಿ.

ಆ ಫೋಟೊ ಫೋನಿನಿಂದ ಫೋನಿಗೆ ಹೋಗಿ ಭೈರವಾನಿತಿಪ್ಪದ ಕಡೆಯ ಒಬ್ಬ ಕುರಿಗಾರನ ಕೈಗೆ ಸೇರಿತು. ಅವನು ಮರುದಿನ ಬೆಳಿಗ್ಗೆ ನಮ್ಮ ಗೇಟಿನಲ್ಲಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಗ್ಗ, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ. ಹೆಸರು ಹನುಮಂತಪ್ಪ.

"ಯವ್ವಾ, ಈ ನಾಯಿ ನಂದ್ರಿ. ಕೆಂಚ. ಎಲ್ಲೈತ್ರಿ ಇದು?"

ಡಾಕ್ಟರು ಒಳಗಿನಿಂದ ಬಂದರು. "ಪೆಟ್ಟಾದ ನಾಯಿಯನ್ನ ರೋಡಲ್ಲಿ ಬಿಟ್ಟು ಹೋದೋರು ನೀವೇನಾ?"

"ಬಿಟ್ಟು ಹೋಗಿಲ್ರಿ ಅಮ್ಮಾ. ಕಣೇಕಲ್ಲ ಕಡೆ ಗದ್ದಿ ಕೊಯ್ದ ಮ್ಯಾಲ ಕುರಿ ಮೇಯಸಾಕ ಹೊಂಟಿದ್ವಿ. ಇದು ಹಿಂದ ಉಳದಿತ್ತು. ಬರತೈತಿ ಬಿಡು ಅಂತ ಮುಂದ ನಡದೆ. ಬರಲಿಲ್ಲ. ಹೊಳ್ಳಿ ಬಂದು ಕಾಲುವಿಗುಂಟ ಹುಡುಕಿದೆ. ರಸ್ತೆ ಮ್ಯಾಲ ರಕ್ತ ಬಿದ್ದಿತ್ರಿ. ಸತ್ತೈತಿ, ಯಾರೋ ಎಳದು ಒಗದಾರ ಅಂತ ತಿಳಕೊಂಡೆ. ಆ ರಕ್ತದ ಮ್ಯಾಲ ಮಣ್ಣು ಹಾಕಿ ಹೋದೆ."

ಒಮ್ಮೆ ಕೊಟ್ಟ ನಾಯಿಯನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಮಾತ್ರ ವಾಪಸು ಪಡೆಯಬೇಕು ಎಂಬುದು ಡಾಕ್ಟರದೇ ನಿಯಮ. ಮೊದಲಿನ ಮಾಲೀಕ ಕಂಬಳಿ ಹೊದ್ದು ಬಂದು ನಿಂತರೆ ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಅವರನ್ನ ಮಡಕಶಿರಾಗೆ ಕರೆದುಕೊಂಡು ಹೋಗಿ. ಫೋಟೊದಲ್ಲಿ ಕಾಲು ಕಾಣಿಸ್ತಾ ಇಲ್ಲ. ಅದನ್ನ ನೀವೇ ಹೇಳಿ" ಎಂದು ಆಪರೇಷನ್ ಕೋಣೆಗೆ ಹೋದರು. ಅಲ್ಲಿ ಆ ಹೊತ್ತಿಗೆ ಯಾವ ನಾಯಿಯೂ ಇರಲಿಲ್ಲ.

ಕಲ್ಯಾಣದುರ್ಗದ ಬಸ್ಸಿನಲ್ಲಿ ಹನುಮಂತಪ್ಪ ದಾರಿಯುದ್ದಕ್ಕೂ ಕೆಂಚನ ಮಾತೇ ಆಡಿದ. ಮರಿಯಿದ್ದಾಗ ಅದನ್ನು ಕುರಿಯ ಹಾಲಿಗೆ ಬಿಟ್ಟು ಬೆಳೆಸಿದ್ದನಂತೆ. ಅದಕ್ಕೆ ತಾನು ನಾಯಿ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲವಂತೆ. ತೋಳ ಬಂದಾಗ ಗೊತ್ತಾಯಿತಂತೆ. "ಅದು ಹೋದ ಮ್ಯಾಲ ಮರಿ ಉಳಿಯಂಗಿಲ್ರಿ. ಮಲಗಿದ್ರೂ ಒಂದು ಕಣ್ಣು ತೆರಕೊಂಡ ಮಲಗತೀನಿ" ಎಂದ. ನಾನು ಹೂಂ ಹೂಂ ಎನ್ನುತ್ತಾ ಕಲ್ಯಾಣದುರ್ಗ ಬರುವವರೆಗೂ ಕಾಲಿನ ಮಾತು ಎತ್ತಲಿಲ್ಲ. ಅಲ್ಲಿ ಬಸ್ಸು ಬದಲಾಯಿಸಬೇಕು. ಚಹಾ ಕೊಡಿಸಿ ಹೇಳಿದೆ.

ಅವನು ಚಹಾ ಪೂರ್ತಿ ಕುಡಿದ. ಲೋಟ ಕೆಳಗಿಟ್ಟು, "ಮುಂದಿಂದೋ ಹಿಂದಿಂದೋ?" ಎಂದ.

"ಹಿಂದಿನ ಎಡಗಾಲು."

"ಹಿಂದಿಂದಾದ್ರ ನಡೀತೈತ್ರಿ. ಮುಂದಿಂದಾಗಿದ್ರ ಕಷ್ಟ" ಎಂದ. ಆದರೆ ಮಡಕಶಿರಾ ತನಕ ಕೈಯಲ್ಲಿದ್ದ ಹಗ್ಗವನ್ನು ಸುತ್ತುತ್ತಾ ಬಿಚ್ಚುತ್ತಾ ಕೂತ.

ಅಂಗಡಿಯ ಮುಂದೆ ನಾವು ಇಳಿದು ಬರುವುದನ್ನು ಕಂಡ ಶಾರದಮ್ಮನ ಕಣ್ಣು ಮೊದಲು ಬಿದ್ದದ್ದು ಹಗ್ಗದ ಮೇಲೆ.

"ಪಾರ್ವತಕ್ಕ, ಇದೇನಕ್ಕ? ಇವರ್ಯಾರು?"

ನಾನು ಉತ್ತರ ಕೊಡುವ ಮೊದಲೇ ಮೂಟೆಗಳ ಹಿಂದೆ ಸದ್ದಾಯಿತು. ರಾಜ ಎದ್ದು ಬಂದು ಬಾಗಿಲಲ್ಲಿ ನಿಂತು ಮೂಗೆತ್ತಿತು. ಹನುಮಂತಪ್ಪ ಇನ್ನೂ ಬಾಯಿಬಿಟ್ಟಿರಲಿಲ್ಲ. ನಾಯಿ ಬೊಗಳಲಿಲ್ಲ, ಕುಣಿಯಲಿಲ್ಲ. ಸೀದಾ ಬಂದು ಅವನ ಕಂಬಳಿಯೊಳಗೆ ತಲೆ ತೂರಿಸಿ ಹಾಗೇ ನಿಂತಿತು. ಅಷ್ಟು ವರ್ಷ ನಾಯಿಗಳ ನಡುವೆ ಇದ್ದರೂ ನಾನು ಕೇಳದ ಒಂದು ದನಿ ಕಂಬಳಿಯೊಳಗಿಂದ ಬರುತ್ತಿತ್ತು. ಅವನು ಕೈಯಿಂದ ಅದರ ಬೆನ್ನು ಸವರುತ್ತಾ ಹೋಗಿ, ಕಾಲು ಇಲ್ಲದ ಜಾಗದಲ್ಲಿ ಕೈ ನಿಲ್ಲಿಸಿದ.

ರುದ್ರಪ್ಪನವರು ತಕ್ಕಡಿ ಬಿಟ್ಟು ಬಂದರು. ವಿಷಯ ಕೇಳಿ, "ನಾಯಿ ನಿಮ್ದೇ ಸ್ವಾಮಿ, ಕಣ್ಣಿಗೆ ಕಾಣುತ್ತೆ. ಇಲ್ಲ ಅನ್ನಾಕಾಗಲ್ಲ. ಆದ್ರೆ ನಮ್ಮ ಶಾರದಾನ್ನ ಒಂದು ಮಾತು ಕೇಳ್ಬೇಕು" ಎಂದರು.

ಶಾರದಮ್ಮ ಅಷ್ಟರಲ್ಲಿ ಒಳಗೆ ಹೋಗಿದ್ದರು. ಬರುವಾಗ ಕೈಯಲ್ಲಿ ಒಂದು ಚೀಲ. ಅದರಲ್ಲಿ ತೊಳೆದಿಟ್ಟ ತಟ್ಟೆ, ನಾನು ಹೊಲಿದು ಕೊಟ್ಟ ಜೀನ್ಸ್ ಹಾಸಿಗೆ, ಕಾಲಿಗೆ ಹಚ್ಚುವ ಎಣ್ಣೆ.

"ಕರ್ಕಂಡೋಗಿ. ಅದರ ಮುಖ ನೋಡಿದ್ರೆ ಗೊತ್ತಾಗಲ್ವಾ" ಎಂದರು. ದನಿ ನೆಟ್ಟಗಿತ್ತು. "ಸಂಜೆ ಒಂದ್ಸಲ ನಿಧಾನಕ್ಕೆ ನಡುಸ್ಬೇಕು. ಇಲ್ದಿದ್ರೆ ಆ ಇನ್ನೊಂದು ಕಾಲು ಹಿಡ್ಕಂತದೆ."

ಹನುಮಂತಪ್ಪ ಚೀಲಕ್ಕೆ ಕೈ ಚಾಚಲಿಲ್ಲ. "ಹೆಂಗ ನಡಸ್ತೀರಿ ಒಂದೀಟು ತೋರಸ್ರಿ ಯವ್ವಾ" ಎಂದ.

ಬಿಸಿಲು ಇಳಿದಿತ್ತು. ಕೆರೆ ಏರಿಯ ಮೇಲೆ ಶಾರದಮ್ಮ ಮತ್ತು ನಾಯಿ ಮುಂದೆ, ನಾವಿಬ್ಬರು ಹಿಂದೆ ಹೋದೆವು. ನಾಯಿ ಹತ್ತು ಹೆಜ್ಜೆಗೊಮ್ಮೆ ತಿರುಗಿ ಅವನನ್ನು ನೋಡುತ್ತಿತ್ತು. ಏರಿಯ ಕೆಳಗೆ ಯಾರದೋ ಆಡುಗಳು ಮೇಯುತ್ತಿದ್ದವು. ಅವನ್ನು ಕಂಡದ್ದೇ ಕೆಂಚ ಓಡಿತು. ಆಡುಗಳನ್ನು ಒಂದು ಕಡೆ ಸೇರಿಸಲು ಸುತ್ತು ಹಾಕಿ ಬಿತ್ತು. ಎದ್ದಿತು. ಮತ್ತೆ ಓಡಿ ಮತ್ತೆ ಬಿತ್ತು, ಈ ಸಲ ಗದ್ದ ನೆಲಕ್ಕೆ ಬಡಿಯಿತು. ಆಡುಗಳು ತಲೆಯೆತ್ತದೆ ಮೇಯುತ್ತಲೇ ಇದ್ದವು. ಕೊನೆಗೆ ನಾಲಿಗೆ ಇಳಿಬಿಟ್ಟುಕೊಂಡು ವಾಪಸು ಬಂದು ನೆರಳಲ್ಲಿ ಮಲಗಿತು. ಶಾರದಮ್ಮನೂ ಮಂಡಿ ಹಿಡಿದುಕೊಂಡು ಪಕ್ಕದ ಕಲ್ಲಿನ ಮೇಲೆ ಕೂತರು.

ಹನುಮಂತಪ್ಪ ಇಬ್ಬರನ್ನೂ ನೋಡಿದ.

"ನಾವು ಹೊತ್ತು ಹುಟ್ಟಿದ್ರ ಮುಣುಗೋತನಕ ನಡೆಯೋರು. ಇದು ಕುರಿ ಹಿಂದ ಬರತೈತಿ. ನಿಲ್ಲು ಅಂದ್ರ ನಿಲ್ಲೂದಿಲ್ಲ. ನಡದು ನಡದು ಸಾಯತೈತ್ರಿ" ಎಂದ. ಶಾರದಮ್ಮನ ಕಡೆ ತಿರುಗಿ, "ನಿಮ್ಮ ಕೂಡ ಆದ್ರ ಕೂಡ್ರತೈತಿ" ಎಂದ.

ಶಾರದಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು.

ಅವನು ರೊಟ್ಟಿಯ ಗಂಟನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟ. "ನೀವ ಹಾಕ್ರಿ. ಏನಂತ ಕರೀತೀರಿ?"

"ರಾಜ."

ನಾಯಿ ರೊಟ್ಟಿ ತಿನ್ನುತ್ತಿರುವಾಗ ಅವನು ಕೆರೆ ಏರಿಯಿಂದ ಇಳಿಯತೊಡಗಿದ. ನಾನೂ ಹಿಂದೆ ಹೋದೆ. ಅಷ್ಟರಲ್ಲಿ ನಾಯಿ ತಲೆ ಎತ್ತಿ, ರೊಟ್ಟಿ ಬಿಟ್ಟು ಎದ್ದು ಬರತೊಡಗಿತು. ಶಾರದಮ್ಮ ಕರೆದರು. ನಿಲ್ಲಲಿಲ್ಲ. ಹನುಮಂತಪ್ಪ ತಿರುಗಿ ನಿಂತು, ಬೇರೆಯವರ ನಾಯಿಯನ್ನು ಗದರಿಸುವ ದನಿಯಲ್ಲಿ, "ಏ ರಾಜಾ! ಕೂಡ್ರು ಅಲ್ಲಿ!" ಎಂದು ಕೂಗಿದ.

ನಾಯಿ ಅವನ ಮುಖ ನೋಡಿತು. ಕೂತಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಸಮಾಧಾನ ಹೇಳುವುದೂ ನಮ್ಮ ಕೆಲಸ ಎಂದು ಈಗ ತರಬೇತಿಯಲ್ಲಿ ಕಲಿಸುತ್ತಾರಂತೆ. ನಾನು ಕಡಲೆಕಾಯಿ ಕೊಂಡು ಅರ್ಧ ಅವನ ಪಕ್ಕ ಇಟ್ಟೆ. ಕಲ್ಯಾಣದುರ್ಗ ದಾಟಿದ ಮೇಲೆ ಅವನೇ ಕೇಳಿದ: "ನಿಮ್ಮ ಛತ್ರದಾಗ ಮರಿ ಅದಾವೇನ್ರಿ?"

ಇದ್ದವು. ತಾಯಿ ಸತ್ತ ಮರಿಗಳಿಗೆ ನಾನು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದೆ. ಗಂಡುಮರಿಗಳೆಲ್ಲ ಹೋಗಿ ಒಂದು ಕರಿಯ ಹೆಣ್ಣುಮರಿ ಉಳಿದಿತ್ತು. ಅವನು ಅದನ್ನೇ ಎತ್ತಿಕೊಂಡ.

"ಅದು ಹೆಣ್ಣು ನೋಡ್ರಿ" ಎಂದೆ. ಹೇಳಿ ಹೇಳಿ ರೂಢಿಯಾಗಿತ್ತು.

"ಹಿಂಡಿನಾಗ ಇರೋವೆಲ್ಲ ಹೆಣ್ಣ ಅಲ್ಲೇನ್ರಿ" ಎಂದ.

ಆದರೆ ಮನೆ ನೋಡದೆ ಕೊಡುವಂತಿಲ್ಲ. ಡಾಕ್ಟರು ಈ ಸಲ ತಾವೇ ಬರುತ್ತೇನೆಂದರು. ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ಹೋದೆವು. ಹನುಮಂತಪ್ಪ ಊರಲ್ಲಿರಲಿಲ್ಲ. ಗೊಬ್ಬರಕ್ಕಾಗಿ ಯಾರ ಹೊಲದಲ್ಲಿ ಕುರಿ ತರುಬಿದ್ದಾನೆಂದು ಕೇಳಿಕೊಂಡು ಹೊಲದಿಂದ ಹೊಲಕ್ಕೆ ಹೋಗಿ ಹುಡುಕಿದೆವು. ಡಾಕ್ಟರು ಹಾಳೆ ತೆಗೆದು, ಬದುವಿನ ಮೇಲೆ ನಿಂತು, ಒಂದನ್ನೂ ಬಿಡದೆ ಕೇಳಿದರು.

"ಮನೆ ಸ್ವಂತದ್ದಾ, ಬಾಡಿಗೆದಾ?"

"ಇವತ್ತು ಈ ಹೊಲ್ರಿ. ನಾಳೆ ಆ ಕಡೇದು."

"ಕಾಂಪೌಂಡ್?"

ಅವನು ಸುತ್ತ ನೋಡಿದ. ಒಂದು ಕಡೆ ಗುಡ್ಡ ಇತ್ತು. ಇನ್ನು ಮೂರು ಕಡೆ ಏನೂ ಇರಲಿಲ್ಲ. "ಬಲೆ ಐತ್ರಿ. ಅದು ಕುರೀಗೆ" ಎಂದ.

"ಮನೆಯವರೆಲ್ಲ ಒಪ್ಪಿದ್ದಾರಾ?"

"ಅವುಗಳನ್ನ ಈಗ ಕೇಳಬೇಕ್ರಿ" ಎಂದು ಅವನು ಬುಟ್ಟಿಯಿಂದ ಮರಿಯನ್ನು ಎತ್ತಿಕೊಂಡು ಹೋಗಿ, ಹೊಸದಾಗಿ ಈದ ಒಂದು ಕುರಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಮರಿಯ ಬಾಯಿಯನ್ನು ಮೊಲೆಗೆ ಹಚ್ಚಿದ. ಕುರಿ ಒದೆಯಿತು. ಮತ್ತೆ ಹಚ್ಚಿದ. ಮತ್ತೆ ಒದೆಯಿತು. ಮೂರನೆಯ ಸಲ ಕುರಿಗೆ ಬೇಸರ ಬಂದಿರಬೇಕು, ಸುಮ್ಮನೆ ನಿಂತಿತು. ಮರಿ ಬಾಲ ಅಲ್ಲಾಡಿಸುತ್ತಾ ಕುಡಿಯಿತು.

ಡಾಕ್ಟರು ಪೆನ್ನು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ 'ಒಪ್ಪಿದ್ದಾರೆ' ಎಂದು ಬರೆದರು. ಕಾಂಪೌಂಡಿನ ಜಾಗವನ್ನು ಖಾಲಿ ಬಿಟ್ಟರು. ಹೊರಡುವಾಗ ಅವನಿಗೆ, "ಅವತ್ತು ನಾನು ಹಾಗೆ ಕೇಳಬಾರದಿತ್ತು" ಎಂದರು. ಅವನಿಗೆ ಯಾವತ್ತು ಏನು ಕೇಳಿದ್ದೆಂದು ನೆನಪಿರಲಿಲ್ಲ, ಅಥವಾ ಹಾಗೆ ನಟಿಸಿದ.

ಒಮ್ಮೆ ಶಾರದಮ್ಮ ಫೋನಿನಲ್ಲಿ ಹನುಮಂತಪ್ಪನ ದನಿಯನ್ನು ರಾಜನಿಗೆ ಕೇಳಿಸಿದರಂತೆ. ಅವನು 'ಕೆಂಚಾ' ಎಂದನಂತೆ. ನಾಯಿ ಎಲ್ಲ ಮೂಟೆಗಳ ಹಿಂದೆಯೂ ಹುಡುಕಿ, ಅಂಗಡಿಯಿಂದ ರಸ್ತೆಗಿಳಿದು ಅಲ್ಲೂ ಹುಡುಕಿತಂತೆ. ಆಮೇಲೆ ಅವರು ಕೇಳಿಸಲಿಲ್ಲ. ಅವನೂ ಮಾಡಬೇಡಿ ಎಂದನಂತೆ. ಈಗ ಇಬ್ಬರೂ ಕುಶಲ ವಿಚಾರಿಸುವುದು ನನ್ನ ಮೂಲಕವೇ. ನಿವೃತ್ತಿಯಾದ ಮೇಲೂ ಈ ಒಂದು ಕೆಲಸ ನನ್ನ ಬಳಿ ಉಳಿದಿದೆ.

ಕರಿಯ ಮರಿ ದೊಡ್ಡದಾದ ಮೇಲೆ, ಪಡೆಯುವಾಗ ಮಾತು ಕೊಟ್ಟಂತೆ, ಹನುಮಂತಪ್ಪ ಅದನ್ನು ಮರಿ ಹಾಕದಂತೆ ಮಾಡುವ ಆಪರೇಷನ್ನಿಗೆ ಕರೆತಂದ. ಅದಾಗಿ ಒಂದು ಸುಗ್ಗಿ ಕಳೆದು, ನಾನು ಕೆಲಸ ಬಿಡುವ ಮುಂಚೆ, ಡಾಕ್ಟರು ಮತ್ತು ನಾನು ಕೊನೆಯದಾಗಿ ನೋಡಿ ಬರಲು ಕಣೇಕಲ್ಲಿನ ಕಡೆ ಹೋದೆವು. ಕೊಯ್ದ ಗದ್ದೆಯಲ್ಲಿ ಹಿಂಡು ಮೇಯುತ್ತಿತ್ತು. ನಾನು ಬದು ಇಳಿದು ನಾಲ್ಕು ಹೆಜ್ಜೆ ಹಾಕಿರಬಹುದು, ಕುರಿಗಳ ನಡುವಿನಿಂದ ಕಪ್ಪಗೆ ಏನೋ ಹಾರಿ ಬಂತು. ನನ್ನ ಎದುರು ನಿಂತು, ಹಲ್ಲು ತೋರಿಸಿ, ಇಡೀ ಬಯಲಿಗೆ ಕೇಳುವಂತೆ ಬೊಗಳಿತು. ಬಾಟಲಿ ಹಿಡಿದು ಹಾಲು ಕುಡಿಸಿದ ಕೈಯನ್ನು ಮುಂದೆ ಚಾಚಿದೆ. ಇನ್ನೂ ಜೋರಾಗಿ ಬೊಗಳಿತು. ಚಿಕ್ಕಂದಿನ ಭಯ ಎಲ್ಲಿಗೂ ಹೋಗಿರಲಿಲ್ಲ ಎಂದು ಗೊತ್ತಾಯಿತು.

ಹನುಮಂತಪ್ಪ ದೂರದಿಂದ ಕೋಲೆತ್ತಿ ಓಡಿಬಂದ. "ಏ, ನಿನ್ನ! ಯವ್ವಾ, ಸಿಟ್ಟಾಗಬ್ಯಾಡ್ರಿ, ಅದಕ ಗುರ್ತು ಸಿಕ್ಕಿಲ್ಲ. ಹಾಲು ಕುಡಿಸಿದವರನ್ನ ಸುದ್ದ ಮರತೈತಿ ನೋಡ್ರಿ!"

"ಬೈಯಬ್ಯಾಡ್ರಿ ಅಣ್ಣಾ" ಎಂದೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. "ಬೊಗಳ್ಲಿ ಬಿಡ್ರಿ."

ಹತ್ತಿರ ಹೋಗಲು ಅದು ಬಿಡಲೇ ಇಲ್ಲ. ಬದುವಿನ ಮೇಲಿಂದಲೇ ಅವನೊಂದಿಗೆ ಮಾತಾಡಿ ಹೊರಟೆವು. ನಾವು ರಸ್ತೆ ಸೇರುವವರೆಗೂ ಆ ನಾಯಿ ನಮಗೂ ಕುರಿಗಳಿಗೂ ನಡುವೆ ನಿಂತೇ ಇತ್ತು. ಡಾಕ್ಟರು ಆಟೋದಲ್ಲಿ ಕೂತು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಪಾರ್ವತಮ್ಮಗಾರೂ, ಹತ್ತಿರದಿಂದ ನೋಡೋಕೇ ಆಗಲಿಲ್ಲವಲ್ಲ. ಈಗ ಏನಂತ ಬರೀಲಿ?"

"ನಮ್ಮನ್ನ ನೋಡಿ ಬೊಗಳಿತು ಅಂತ ಬರೀರಿ ಮೇಡಂ" ಎಂದೆ.